ಹಮಾಲ ಇಳಿಸಿದ ಪೈಲ್ವಾನ

ಮಗ್ಗ ಬಿಟ್ಟು ಮಠಕ್ಕೆ ಬಂದಿದ್ದ ಬನಪ್ಪ ಗುರುಗಳನ್ನು ಕೇಳಿದ: "ಧ್ಯಾನಕ್ಕೆ ಕುಳಿತರೂ ನನ್ನ ಬೆರಳುಗಳು ಕಡಿದ ಎಳೆಯನ್ನು ಹುಡುಕುತ್ತವೆ. ಉಳಿದವರು ನಗುತ್ತಾರೆ. ಈ ನೇಕಾರನ ಕೈಯನ್ನು ಬಿಡುವುದು ಹೇಗೆ ಗುರುಗಳೇ? ಆಗದಿದ್ದರೆ ಊರಿಗೆ ಹೊರಡುತ್ತೇನೆ."

ಹೊರಡುವವನು ಒಂದು ಕತೆ ಕೇಳಿ ಹೊರಡು ಎಂದು ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಹಮಾಲನಿದ್ದ. ಭತ್ತದ ಮೂಟೆಯನ್ನು ಹೂವೆತ್ತಿದ ಹಾಗೆ ಎತ್ತುತ್ತಿದ್ದ. ಅದನ್ನು ಕಂಡ ಗರಡಿಯ ಉಸ್ತಾದ ಅವನನ್ನು ಕರೆತಂದು ಕುಸ್ತಿಗೆ ಹಚ್ಚಿದ. ಆಗಲೇ ವಯಸ್ಸು ಮೂವತ್ತು ದಾಟಿತ್ತು. ಗರಡಿಯಲ್ಲೇ ಬೆಳೆದವರು ಮುಸಿಮುಸಿ ನಕ್ಕರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ತೊಂದರೆ ಬೇರೆಯೇ ಇತ್ತು. ಎದುರಾಳಿ ಯಾರೇ ಇರಲಿ, ಎತ್ತುವುದೇನೋ ಎತ್ತುತ್ತಿದ್ದ. ಆಮೇಲೆ ಮೆಲ್ಲಗೆ ಇಳಿಸಿ ಕಾಲ ಮೇಲೆ ನೆಟ್ಟಗೆ ನಿಲ್ಲಿಸಿಬಿಡುತ್ತಿದ್ದ. ನಿಂತವನು ಸುಮ್ಮನಿರುತ್ತಾನೆಯೇ? ಇವನಿಗೇ ಕಾಲು ಕೊಟ್ಟು ಕೆಡವುತ್ತಿದ್ದ. ಕುಸ್ತಿಯಲ್ಲಿ ಬೆನ್ನು ಮಣ್ಣು ಮುಟ್ಟಿದರೆ ಸೋತಂತೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿಯವನಲ್ಲ ಇವನು. ಸೋತೆ ಎಂದು ಒಪ್ಪಿಕೊಂಡು ಮೈಯ ಮಣ್ಣು ಕೊಡವಿಕೊಳ್ಳುತ್ತಿದ್ದ.

ಪಾಪ, ಅವನದಾದರೂ ಏನು ತಪ್ಪು? ಮೂಟೆಯನ್ನು ಬಾಯಿ ಮೇಲಾಗಿಯೇ ನಿಲ್ಲಿಸಬೇಕು, ಒಗೆದರೆ ಹೊಲಿಗೆ ಬಿಚ್ಚಿ ಕಾಳು ಚೆಲ್ಲುತ್ತದೆ ಎಂದು ಅಪ್ಪ ಕಲಿಸಿದ್ದ. ಕಾಳು ಚೆಲ್ಲಿದ ಹಮಾಲನನ್ನು ಪೇಟೆಯಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ. ಆ ಪಾಠ ಮೈಗೆ ಹತ್ತಿಬಿಟ್ಟಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಉಸ್ತಾದ ಹಣೆ ಚಚ್ಚಿಕೊಂಡ.

ಅಷ್ಟರಲ್ಲಿ ಸಂಸ್ಥಾನದಿಂದ ಡಂಗುರ ಬಂತು. ಅಲ್ಲಿನ ಹಿರಿಯ ಪೈಲ್ವಾನನನ್ನು ಗೆದ್ದವನೇ ಇನ್ನು ಮುಂದೆ ಸಂಸ್ಥಾನದ ಪೈಲ್ವಾನ. ಅಷ್ಟು ಬಲ ಗರಡಿಯಲ್ಲಿ ಇನ್ನಾರಿಗೂ ಇಲ್ಲವೆಂದು ಉಸ್ತಾದ ಹಮಾಲನ ಹೆಸರು ಕೊಟ್ಟ. ಸೋತರೆ ಮತ್ತೆ ಗರಡಿಗೆ ಕಾಲಿಡಬೇಡ ಎಂದೂ ಹೇಳಿದ. ಪೇಟೆಯಲ್ಲಿ ಆಗಲೇ ಅವನ ಜಾಗಕ್ಕೆ ಬೇರೆಯವನು ಬಂದಿದ್ದ. ಮನುಷ್ಯನನ್ನು ಒಗೆಯುವುದಕ್ಕೆ ನನಗೆ ಕೈ ಬರುವುದಿಲ್ಲ ಎಂದು ಹಮಾಲ ಉಸ್ತಾದನ ಮುಂದೆ ಅತ್ತೇಬಿಟ್ಟ.

ಆ ದಿನ ಉಸ್ತಾದ ಬೈಯಲಿಲ್ಲ. ಬದಲಿಗೆ ಕೇಳಿದ: "ಮೂಟೆಯನ್ನು ಯಾವಾಗಲೂ ನಿಲ್ಲಿಸುವುದೇ ಏನೋ? ಮಲಗಿಸುವುದೇ ಇಲ್ಲವೇ?"

"ಒಂದರ ಮೇಲೊಂದು ಅಟ್ಟಿ ಒಟ್ಟುವಾಗ ಮಲಗಿಸುತ್ತೇವೆ ಉಸ್ತಾದರೇ. ತಳದ ಮೂಟೆ ಅಲುಗಾಡದ ಹಾಗೆ ನೆಲಕ್ಕೆ ಅಂಟಿ ಕೂರಬೇಕು."

"ಹಾಗಾದರೆ ಅವನನ್ನು ತಳದ ಮೂಟೆ ಅಂದುಕೊ."

ಕುಸ್ತಿಯ ದಿನ ಬಹಳ ಹೊತ್ತು ಸೆಣಸಾಡಿ ಹಮಾಲ ಹಿರಿಯ ಪೈಲ್ವಾನನನ್ನು ಎತ್ತಿದ. ಇನ್ನೇನು ನಿಲ್ಲಿಸುತ್ತಾನೆ ಎಂದು ಗರಡಿಯವರು ಮುಖ ತಿರುಗಿಸಿದರು. ಅವನು ಮೊಣಕಾಲೂರಿ, ಎದುರಾಳಿಯನ್ನು ಮಣ್ಣಿನ ಮೇಲೆ ಅಂಗಾತ ಮಲಗಿಸಿ ಒತ್ತಿ ಹಿಡಿದ. ಎರಡು ಭುಜಗಳೂ ಒಟ್ಟಿಗೆ ನೆಲ ಮುಟ್ಟಿದವು. ಒಂದು ಎಲುಬೂ ನೋಯಲಿಲ್ಲ. ಕೆಡವಿದವರನ್ನು ಬೇಕಾದಷ್ಟು ಕಂಡಿದ್ದೇನೆ, ಹೀಗೆ ಇಳಿಸಿದವನನ್ನು ಕಂಡಿರಲಿಲ್ಲ ಎನ್ನುತ್ತ ಹಿರಿಯ ಪೈಲ್ವಾನ ಅವನ ಕೈಯನ್ನೇ ಹಿಡಿದು ಎದ್ದ.

ಇಲ್ಲಿಗೆ ಗುರುಗಳು ನಿಲ್ಲಿಸಿದರು. ಬನಪ್ಪನ ಬೆರಳುಗಳು ಆಗಲೂ ಮಡಿಲಲ್ಲಿ ಆಡುತ್ತಿದ್ದವು. ಹಮಾಲನಿಗೆ ಕುಸ್ತಿಯಾದರೂ ಇತ್ತು, ನೇಕಾರನ ಕೈಗೆ ಮಠದಲ್ಲಿ ಏನು ಕೆಲಸ ಎಂದು ಅವನು ಕೇಳಿದ.

ಗುರುಗಳು ಹೇಳಿದರು: "ಈ ಬಾಗಿಲಿಗೆ ಬರುವವರೆಲ್ಲ ಎಲ್ಲೋ ಎಳೆ ಕಡಿದುಕೊಂಡು ಬಂದವರೇ ಕಣಯ್ಯಾ, ಅದನ್ನು ಕೂಡಿಸಲು ಬಾರದ ಕೈ ನನಗೇಕೆ?"