ಏಳು ಹಸಿರು ಮಣಿ

ರಾಣೆಬೆನ್ನೂರಿನ ಒಂದು ಓಣಿಯಲ್ಲಿ ಇಂದುಮತಿ ಎಂಬ ಶಿಕ್ಷಕಿ ಇದ್ದಳು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಬೇಸಿಗೆ ರಜೆ ಬಂತೆಂದರೆ ಎಲ್ಲರೂ ಊರೂರು ತಿರುಗಲು ಹೊರಟರೆ ಇವಳು ಮನೆಯಲ್ಲೇ ಉಳಿದು ಗಾಜಿನ ಮಣಿ ಮಾಡುತ್ತಿದ್ದಳು. ಬೆಳಗ್ಗೆ ಬಿಸಿಲೇರುವ ಮೊದಲು ಹಿತ್ತಲಿನ ತಗಡಿನ ಕೋಣೆಯಲ್ಲಿ ಬೆಂಕಿಯ ಕೆಲಸ. ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಮಣಿ ಪೋಣಿಸಿ ಸರ, ಓಲೆ ಮಾಡುವುದು. ಸಂಜೆ ಬಿಸಿಲು ಇಳಿದ ಮೇಲೆ ಚಿತ್ರ ಬರೆಯುವುದು. ಆ ಎರಡು ತಿಂಗಳು ಅವಳಿಗೆ ಹಬ್ಬ.

ಗಾಜಿನ ಮಣಿ ಮಾಡುವುದು ತಾಳ್ಮೆಯ ಕೆಲಸ. ಗ್ಯಾಸಿನ ಉರಿಯಲ್ಲಿ ಗಾಜನ್ನು ಕರಗಿಸಿ, ಜೇಡಿಮಣ್ಣು ಸವರಿದ ಉಕ್ಕಿನ ಕಡ್ಡಿಗೆ ಸುತ್ತಬೇಕು. ತಿರುಗಿಸುತ್ತಲೇ ಇದ್ದರೆ ಅದು ದುಂಡಗಾಗುತ್ತದೆ. ಆಮೇಲೆ ಕಡ್ಡಿ ಸಮೇತ ಬಿಸಿ ಬೂದಿಯಲ್ಲಿ ಹೂತು, ಇಡೀ ಒಂದು ದಿನ ಮುಟ್ಟದೆ ಬಿಡಬೇಕು. ಗಾಜು ತನ್ನಷ್ಟಕ್ಕೆ ತಾನು ನಿಧಾನವಾಗಿ ತಣಿಯಬೇಕು. ಅವಸರ ಮಾಡಿದರೆ ಬಿರಿಯುತ್ತದೆ.

ಒಂದು ದಿನ ಪಕ್ಕದ ಮನೆಯ ಗುರುಸಿದ್ದವ್ವ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದಳು. ಬಿಚ್ಚಿ ನೋಡಿದರೆ ಹನ್ನೆರಡು ಹಸಿರು ಬಳೆ.

"ಟೀಚರ್, ಇವು ನಮ್ಮವ್ವನ ಬಳಿ. ಆಕಿ ಹೋಗಿ ವರ್ಷ ಆತು. ಆಕಿ ಕೈ ಭಾಳ ಸಣ್ಣವು ನೋಡ್ರಿ, ಇವು ಯಾರ ಕೈಗೂ ಏರಂಗಿಲ್ಲ. ನನ್ನ ಮಗಳು ಶೈಲಾನ ಎತ್ತಿ ಆಡಿಸಿದಾಕಿ ಆಕಿನ. ಈಗ ಶೈಲಾ ಏಳು ತಿಂಗಳ ಬಸರಿ. ಬರೋ ಸೋಮಾರ ಕುಬಸ ಇಟ್ಟೀವಿ. ಈ ಬಳಿ ಕರಗಿಸಿ ಒಂದು ಮಣಿಸರ ಮಾಡಿ ಕೊಡ್ತೀರೇನ್ರಿ? ಅವ್ವ ಇದ್ದಿದ್ರ ತಾನ ಮೊದಲು ಉಡಿ ತುಂಬತಿದ್ಲು."

ಇಂದುಮತಿ ಬಳೆಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. "ಆಗಲ್ರಿ ಅಕ್ಕಾ, ನಾ ಮಾಡಿ ಕೊಡ್ತೀನಿ" ಎಂದಳು.

ಮೊದಲ ಎರಡು ದಿನ ನಾಲ್ಕು ಬಳೆ ಕರಗಿಸಿದಳು. ಏಳು ಮಣಿ ಆದವು. ಬೂದಿಯಿಂದ ತೆಗೆದು ತೊಳೆದಾಗ ಎಳೆ ಹುಣಸೆ ಚಿಗುರಿನ ಬಣ್ಣ. ಅವಳಿಗೇ ಹೆಮ್ಮೆ ಎನಿಸಿತು.

ಮೂರನೆಯ ದಿನ ಧಾರವಾಡದಿಂದ ಫೋನ್ ಬಂತು. ಅವಳು ಕಳಿಸಿದ್ದ ಕರಡು ನೋಡಿ, ಅಲ್ಲಿನ ಚಿತ್ರಪ್ರದರ್ಶನಕ್ಕೆ ಅವಳ ಒಂದು ಚಿತ್ರ ಆಯ್ಕೆ ಮಾಡಿದ್ದರು. ಆದರೆ ಚಿತ್ರ ಇನ್ನೂ ಅರ್ಧದಲ್ಲೇ ಇತ್ತು. ಎರಡು ದಿನದಲ್ಲಿ ಮುಗಿಸಿ ಕಳಿಸಬೇಕು ಎಂದರು. ಇಂದುಮತಿಯ ಮನಸ್ಸೆಲ್ಲ ಚಿತ್ರದ ಕಡೆ ಓಡಿತು. ಉಳಿದ ಎಂಟು ಬಳೆಗಳನ್ನು ಒಂದೇ ಬೆಳಗಿನಲ್ಲಿ ಕರಗಿಸಿದಳು. ಹದಿನಾಲ್ಕು ಮಣಿ ಆದವು. ಬೂದಿಯಲ್ಲಿ ಹೂತಳು. ಮಧ್ಯಾಹ್ನಕ್ಕೆ ತಡೆಯಲಾಗಲಿಲ್ಲ. ಇವತ್ತೇ ಪೋಣಿಸಿಬಿಟ್ಟರೆ ನಾಳೆಯಿಂದ ಚಿತ್ರ ಹಿಡಿಯಬಹುದು ಎಂದು ಬೂದಿ ಕೆದರಿ ಮಣಿಗಳನ್ನು ತೆಗೆದಳು. ಇನ್ನೂ ಕೈ ಸುಡುತ್ತಿದ್ದವು. ಸ್ಟೀಲ್ ತಟ್ಟೆಯಲ್ಲಿ ಹಾಕಿ ಫ್ಯಾನಿನ ಕೆಳಗೆ ಇಟ್ಟಳು.

ಟಿಣ್ ಎಂದು ಸಣ್ಣ ಸದ್ದಾಯಿತು. ಮತ್ತೊಂದು. ಮತ್ತೊಂದು. ಅವಳು ತಟ್ಟೆಯನ್ನು ಎತ್ತಿಕೊಳ್ಳುವಷ್ಟರಲ್ಲಿ ಹದಿನಾಲ್ಕರಲ್ಲಿ ಒಂದೂ ಒಡೆಯದೆ ಉಳಿದಿರಲಿಲ್ಲ. ಆ ಚೂರುಗಳನ್ನು ಮತ್ತೆ ಕರಗಿಸಲು ನೋಡಿದಳು. ಅವು ಉರಿಗೆ ಹಿಡಿದ ಕೂಡಲೇ ಸಿಡಿದವು. ಸಿಡಿಯದೆ ಉಳಿದವು ಕಡ್ಡಿಯ ಮಣ್ಣು ಬೆರೆತು ಮಸುಕಾದವು.



ಅವಳ ಡಬ್ಬಿಯಲ್ಲಿ ಅಂಗಡಿಯಿಂದ ತಂದ ಹಸಿರು ಗಾಜಿನ ಕಡ್ಡಿಗಳಿದ್ದವು. ಹೆಚ್ಚೂ ಕಡಿಮೆ ಅದೇ ಬಣ್ಣ. ಸುಮ್ಮನೆ ನೋಡೋಣ ಎಂದು ಒಂದು ಮಣಿ ಮಾಡಿದಳು. ಮರುದಿನ ಅದನ್ನು ಆ ಏಳರ ಪಕ್ಕದಲ್ಲಿಟ್ಟರೆ ಅವಳ ಕಣ್ಣಿಗೇ ವ್ಯತ್ಯಾಸ ಕಾಣಲಿಲ್ಲ. 'ಯಾರಿಗೆ ತಿಳಿಯುತ್ತದೆ? ಗುರುಸಿದ್ದಕ್ಕನಿಗೆ ಸಂತೋಷವಾದರೆ ಸಾಕಲ್ಲ' ಎಂದುಕೊಂಡಳು. ಇನ್ನೂ ಹದಿಮೂರು ಮಾಡಿದಳು. ಈ ಸಲ ಇಡೀ ದಿನ ಕಾದಳು. ಏಳು ಮಣಿಗಳನ್ನು ನಡುವೆ ಇಟ್ಟು, ಆಚೆ ಈಚೆ ಏಳೇಳು ಹೊಸ ಮಣಿ ಪೋಣಿಸಿದಳು. ಸರ ಬಹಳ ಚೆನ್ನಾಗಿ ಕಂಡಿತು. ಚಿತ್ರವೂ ಹೇಗೋ ಮುಗಿದು ಧಾರವಾಡಕ್ಕೆ ಹೋಯಿತು.

ಕುಬಸಕ್ಕೆ ಎರಡು ದಿನ ಮೊದಲು ಗುರುಸಿದ್ದವ್ವ ಬಂದಳು. ಸರವನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ತುದಿಯ ಒಂದು ಮಣಿಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು.

"ಅವ್ವಾ, ಮೊಮ್ಮಗಳ ಕುಬಸಕ್ಕ ಬಂದೀ ಹೌದಿಲ್ಲೋ" ಎಂದಳು.

ಅದು ಅಂಗಡಿಯ ಗಾಜು.

ಸುಮ್ಮನಿದ್ದರೆ ಎಲ್ಲ ಸುಸೂತ್ರ ಮುಗಿಯುತ್ತಿತ್ತು. ಆದರೆ ಎದುರಿಗೆ ನಿಂತ ಮಗಳು ತಾಯಿಯ ಜೊತೆ ಮಾತಾಡುತ್ತಿದ್ದಳು, ಆ ಮಣಿಯಲ್ಲಿ ತಾಯಿ ಇರಲಿಲ್ಲ.

"ಅಕ್ಕಾ, ಅದಲ್ಲರಿ" ಎಂದಳು ಇಂದುಮತಿ. "ಆ ಮಣಿ ನಿಮ್ಮವ್ವನ ಬಳಿದಲ್ಲ. ನಾ ಅವಸರ ಮಾಡಿ ಎಂಟು ಬಳಿ ಹಾಳು ಮಾಡಿದೆ. ನಡುವಿನ ಏಳು ಅಷ್ಟ ಅವರವು. ಉಳಿದದ್ದು ನನ್ನ ಗಾಜು. ನಿಮಗ ಹೇಳದ ಕೊಡಾಕತ್ತಿದ್ನಿ. ತಪ್ಪಾತು."

ಗುರುಸಿದ್ದವ್ವ ಅವಳ ಮುಖವನ್ನೇ ನೋಡಿದಳು.

"ಕುಬಸ ಮುಗದ ಮ್ಯಾಲ ಕೊಡ್ತೀನಿ ಅಂದಿದ್ರ ನಾ ಬ್ಯಾಡ ಅಂತಿದ್ನೇನ್ರಿ ಟೀಚರ್?" ಎಂದಳು. ದನಿ ಏರಲಿಲ್ಲ. ಸರವನ್ನು ಕಟ್ಟೆಯ ಮೇಲಿಟ್ಟು ಮನೆಗೆ ಹೋದಳು.

ಆ ಸಂಜೆ ಇಂದುಮತಿ ಕುಂಚ ಮುಟ್ಟಲಿಲ್ಲ. ಒಡೆದ ಚೂರುಗಳನ್ನೆಲ್ಲ ಆರಿಸಿ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. ಅವೂ ಅವರಿಗೇ ಸೇರಬೇಕಾದವು ಎನಿಸಿತು.

ಮರುದಿನ ಬೆಳಗ್ಗೆ ಗುರುಸಿದ್ದವ್ವ ತಾನಾಗಿ ಬಂದಳು. ಕಣ್ಣು ಊದಿಕೊಂಡಿದ್ದವು. ಇಂದುಮತಿ ಗಂಟನ್ನು ಅವಳ ಕೈಗಿಟ್ಟಳು. ಗುರುಸಿದ್ದವ್ವ ಅದನ್ನು ಬಿಚ್ಚದೆ ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಲದ ಮೇಲೆ ಕೂತಳು.

"ಆ ಏಳು ಯಾವುವು, ತೋರಸ್ರಿ."

ಇಂದುಮತಿ ತೋರಿಸಿದಳು.

"ದಾರ ಕತ್ತರಸ್ರಿ. ಅವನ್ನಷ್ಟ ಬ್ಯಾರೆ ಪೋಣಸ್ರಿ."

"ಏಳಕ್ಕ ಸರ ಆಗೂದಿಲ್ಲ ಅಕ್ಕಾ. ಬರೀ ದಾರನ ಕಾಣತೈತಿ. ನೋಡಿದವರು ಏನಂತಾರ?"

"ದಾರ ಕಾಣಲಿ ಬಿಡ್ರಿ."

ಇಬ್ಬರೂ ಕೂತು ಏಳು ಮಣಿಗಳನ್ನು ಹಳದಿ ನೂಲಿಗೆ ಪೋಣಿಸಿದರು. ಒಂದೊಂದು ಮಣಿಯ ಎರಡೂ ಬದಿಗೆ ಗಂಟು. ಗುರುಸಿದ್ದವ್ವ ಹೊರಡುವಾಗ ಬಾಗಿಲಲ್ಲಿ ನಿಂತು, "ನಾಳಿ ಲಗೂ ಬರ್ರಿ, ಊಟಕ್ಕಷ್ಟ ಬರಬ್ಯಾಡ್ರಿ" ಎಂದಳು. ನಗಲಿಲ್ಲ. ಆದರೆ ಕರೆದಳು.

ಸೋಮವಾರ ಶೈಲಾ ಹಸಿರು ಸೀರೆ ಉಟ್ಟು, ಹೂ ಮುಡಿದು ಮಣೆಯ ಮೇಲೆ ಕೂತಿದ್ದಳು. ಕೈತುಂಬ ಹೊಸ ಬಳೆ. ಉಡಿ ತುಂಬುವ ಮೊದಲು ಗುರುಸಿದ್ದವ್ವ ಇಂದುಮತಿಯನ್ನು ಕರೆದು ಆ ಸರವನ್ನು ಮಗಳ ಕೊರಳಿಗೆ ಕಟ್ಟಿಸಿದಳು.

ಬೀಗರ ಕಡೆಯ ಮುದುಕಿಯೊಬ್ಬಳು ಬಗ್ಗಿ ನೋಡಿ, "ಇದೇನವಾ, ನೂಲಿಗೆ ಏಳ ಮಣಿ? ಇನ್ನೊಂದಿಷ್ಟು ಹಾಕಬಾರದಿತ್ತ?" ಎಂದಳು.

ಗುರುಸಿದ್ದವ್ವ ಮಗಳ ಕೊರಳಿನ ಮಣಿಗಳನ್ನು ಬೆರಳಿನಿಂದ ಸರಿಮಾಡಿದಳು.

"ಏಳ ಅದಾವ ಯವ್ವಾ. ಆದ್ರ ಏಳೂ ನಮ್ಮವ್ವನವ."

ನೀತಿ: ನಮ್ಮ ತಪ್ಪಿನಿಂದ ಕಳೆದದ್ದನ್ನು ಸುಳ್ಳಿನಿಂದ ತುಂಬಬಾರದು. ತುಂಬಿದರೆ, ಉಳಿದಿರುವ ನಿಜವೂ ಸುಳ್ಳಿನಲ್ಲಿ ಬೆರೆತು ಹೋಗುತ್ತದೆ. ಒಪ್ಪಿಕೊಂಡರೆ, ಉಳಿದದ್ದು ಎಷ್ಟೇ ಕಡಿಮೆಯಿರಲಿ, ಅದು ಪೂರ್ತಿ ನಿಜವಾಗಿಯೇ ಉಳಿಯುತ್ತದೆ.