ಬಿದ್ದು ಬಾ ಅಂದ ಬೊಮ್ಮವ್ವ

ಬಾಳ ಹಿಂದೆ, ಕಲ್ಲುಗುಡ್ಡಗಳ ನಡುವೆ ಕಾರೇಹಟ್ಟಿ ಅಂತ ಒಂದು ಹಟ್ಟಿ ಇತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ. ನಮ್ಮಜ್ಜಿಗೆ ಅವರಜ್ಜಿ ಈ ಕತೆ ಹೇಳುವಾಗಲೂ ಬಾಳ ಹಿಂದೆ ಅಂತಲೇ ಶುರು ಮಾಡ್ತಿದ್ದಳಂತೆ. ಹಟ್ಟಿ ತುಂಬ ಬೇಡರು, ಮನೆಗೊಂದು ಬಿಲ್ಲು. ಆ ಹಟ್ಟಿಯಲ್ಲಿ ಬೊಮ್ಮವ್ವ ಅಂತ ಒಬ್ಬಳಿದ್ದಳು. ಬತ್ತಳಿಕೆ ಹೊಲಿಯೋಳು.

ಬತ್ತಳಿಕೆ ಅಂದರೇನು ಮಹಾ, ಬಾಣ ಇಡೋ ಚೀಲ ಅಂತೀರಿ. ನೀವು ಕಂಡಿರೋದು ಬಯಲಾಟದ ಬತ್ತಳಿಕೆ, ಅದರೊಳಗೆ ಇರೋದು ಬಣ್ಣದ ಕಡ್ಡಿ. ಹಕ್ಕಿ ಹೊಡೆಯೋ ಬಾಣಕ್ಕೆ ಯಾವ ಚೀಲವಾದರೂ ನಡೀತದೆ. ಹಂದಿ ಹೊಡೆಯೋ ಬಾಣ ಬೇರೆ. ಅದರ ತುದಿಗೆ ವೀಳ್ಯದೆಲೆ ಹಂಗೆ ಅಗಲವಾದ ಅಲಗು, ಎರಡೂ ಕಡೆ ಮಸೆದದ್ದು. ಅಂಥ ಐದು ಅಲಗು ಬೆನ್ನಿಗೆ ಕಟ್ಟಿಕೊಂಡು ಮುಳ್ಳುಕಂಟಿಯಲ್ಲಿ ನುಸುಳಬೇಕು, ಬಂಡೆಯಿಂದ ಬಂಡೆಗೆ ಹಾರಬೇಕು. ಒಂದಕ್ಕೊಂದು ತಾಗಿ ಕಿಣಿ ಅಂದರೆ ಹಂದಿ ಹೋಯ್ತು. ಒಂದನ್ನೊಂದು ಉಜ್ಜಿದರೆ ಬಾಯಿ ಮೊಂಡಾಯ್ತು. ಜಾರಿ ಹೊರಗೆ ಬಂತೋ, ಹೊತ್ತವನ ಕತ್ತೇ ಹೋಯ್ತು.

ಬೊಮ್ಮವ್ವನ ಗಂಡ ಮುತ್ತಯ್ಯ ಹಾಗೇ ಹೋದ. ಮದುವೆಯಾದ ಹೊಸದರಲ್ಲಿ ಅವನಿಗೆ ಅಂತ ಅವಳೇ ಹೊಲಿದುಕೊಟ್ಟ ಬತ್ತಳಿಕೆ ಅದು. ಕವಡೆ ಕಟ್ಟಿದ್ದಳು. ಬಾಣ ಬೇಗ ಕೈಗೆ ಬರಲಿ ಅಂತ ಬಾಯಿ ಅಗಲ ಇಟ್ಟಿದ್ದಳು. ಕೇಳಿದ ಕೂಡಲೇ ಹೊಲಿದಳು, ಹೊಲಿದ ಕೂಡಲೇ ಕೊಟ್ಟಳು. ಆರು ವರ್ಷ ಅವನು ಅದನ್ನು ಹೊತ್ತು ಮೆರೆದ. ಒಂದು ಬೆಳಗ್ಗೆ ಇಬ್ಬನಿ ಬಿದ್ದ ಬಂಡೆ ಮೇಲೆ ಕಾಲು ಜಾರಿತು, ತಲೆಕೆಳಗಾಗಿ ಬಿದ್ದ, ಅವನ ಬಾಣ ಅವನಿಗೇ ಆಯ್ತು. ಹಟ್ಟಿಯವರು ಬಂದು ಅವನ ಹಣೆಬರಹ ಕಣವ್ವಾ ಅಂದರು. ಬೊಮ್ಮವ್ವ ಅಲ್ಲ ಅಂದಳಂತೆ. ಹಣೆಬರಹ ಅಲ್ಲ, ನನ್ನ ಹೊಲಿಗೆ ಅಂದಳಂತೆ.

ಆಮೇಲೆ ಒಂದು ಮಳೆಗಾಲ ಪೂರ್ತಿ ಅವಳು ದಬ್ಬಳ ಮುಟ್ಟಲಿಲ್ಲ. ಮುಟ್ಟಿದಾಗ ಬೇರೆ ಥರ ಹೊಲಿದಳು. ಕವಡೆ ಇಲ್ಲ, ಗೆಜ್ಜೆ ಇಲ್ಲ. ಎಮ್ಮೆ ತೊಗಲು, ಒಳಗೆ ಬಿದಿರು ದಬ್ಬೆ. ತಳದಲ್ಲಿ ಹಳೇ ಕಂಬಳಿ ತುಂಡು ಮಡಚಿ ಮಡಚಿ ತುಂಬಿ, ಹರಳೆಣ್ಣೆ ಕುಡಿಸಿ, ಅದರಲ್ಲಿ ಐದು ಸೀಳು. ಒಂದೊಂದು ಅಲಗಿಗೆ ಒಂದೊಂದು ಮನೆ. ತುಕ್ಕು ಹಿಡಿಯಲ್ಲ, ಸದ್ದು ಬರಲ್ಲ, ಅಕ್ಕಪಕ್ಕದ ಮನೆಯವರಿಗೆ ಜಗಳ ಇಲ್ಲ. ಆರನೇ ಬಾಣಕ್ಕೆ ಜಾಗ ಮಾಡಿಕೊಡು ಅಂತ ಯಾರಾದರೂ ಕೇಳಿದರೆ, ಐದರಲ್ಲಿ ಆಗದೋನು ಮನೆಗೆ ಬಂದು ಮುದ್ದೆ ಉಣ್ಣಲಿ ಅನ್ನೋಳಂತೆ.

ಇಷ್ಟಾದರೆ ಅವಳ ಹೆಸರು ಇವತ್ತಿಗೆ ಉಳೀತಿರಲಿಲ್ಲ. ಅವಳದೊಂದು ಕಟ್ಟಳೆ ಇತ್ತು. ಬತ್ತಳಿಕೆ ಬೇಕು ಅಂದವನು ಅವಳ ಮುಂದೆ ಬೀಳಬೇಕು. ಅವಳ ಗುಡಿಸಲ ಹಿಂದೆ ಇಳಿಜಾರಾದ ಹಾಸುಬಂಡೆ. ಬತ್ತಳಿಕೆಯಲ್ಲಿ ಮರದ ಅಲಗಿಟ್ಟು, ಅಲಗಿಗೆ ಸುಣ್ಣ ಬಳಿದು, ಅವನ ಬೆನ್ನಿಗೆ ಬಿಗಿದು, ಬಂಡೆ ಮೇಲೆ ನಿಲ್ಲಿಸಿ, ಹಿಂದಿನಿಂದ ಒಂದು ತಳ್ಳು. ಉರುಳಬೇಕು, ಉರುಳಿ ಏಳೋವಷ್ಟರಲ್ಲಿ ಒಂದು ಬಾಣ ಕೈಗೆ ಬಂದಿರಬೇಕು. ಎದ್ದವನ ಮೈ ಸುತ್ತ ಅವಳು ಒಂದು ಪ್ರದಕ್ಷಿಣೆ ಹಾಕೋಳು. ಭುಜದ ಮೇಲೆ ಸುಣ್ಣದ ಗೀಟು ಕಂಡರೆ, ಇಲ್ಲಿ ಗಾಯ. ಕತ್ತಿನ ಮೇಲೆ ಕಂಡರೆ, ಇಲ್ಲಿ ಸತ್ತೆ ಕಣಪ್ಪಾ. ಅಷ್ಟು ಹೇಳಿ ಬತ್ತಳಿಕೆ ಬಿಚ್ಚಿಸಿಕೊಂಡು ಮತ್ತೆ ಹೊಲಿಗೆಗೆ ಕೂರೋಳು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಗಂಡಸರಿಗೆ ಅವಳ ಹತ್ತಿರ ಬತ್ತಳಿಕೆ ಇರಲಿಲ್ಲ. ಮೀಸೆ ಮಣ್ಣಾಗಲೇಬೇಕು.

ಒಂದು ವರ್ಷ ಗುಡ್ಡದಲ್ಲಿ ಒಂಟಿಹಂದಿ ಎದ್ದಿತು. ಕರುವಿನಷ್ಟು ಇತ್ತು ಅಂತ ಕೆಲವರು, ಕೋಣದಷ್ಟು ಅಂತ ಕೆಲವರು. ನಮ್ಮಜ್ಜಿ ಹೇಳುವಾಗ ಕೋಣದಷ್ಟೇ ಇರ್ತಿತ್ತು, ನಾನ್ಯಾಕೆ ಕಮ್ಮಿ ಮಾಡಲಿ. ಎರಡು ಆಳು ತಿವಿದು ಹಾಕಿತ್ತು. ಆ ಸೀಮೆಯ ಪಾಳೇಗಾರ ಕೊಂಡನಾಯಕ, ತಾನೇ ಹೊಡೀತೀನಿ ಅಂತ ಬಂದ. ಹಂದಿಯನ್ನು ಪೊದೆಯಿಂದ ಎಬ್ಬಿಸಿ ದೊರೆ ಬಾಣಕ್ಕೆ ಎದುರು ತರೋ ಕೆಲಸಕ್ಕೆ ಮುಂದಾಳು ಬೇಕಿತ್ತು. ಹೆಜ್ಜೆ ಹಿಡಿಯೋದರಲ್ಲಿ ಹಟ್ಟಿಗೇ ಗಟ್ಟಿಗ ಬೋರಯ್ಯ, ಅವನನ್ನೇ ಆರಿಸಿದರು. ಬೋರಯ್ಯ ಬೊಮ್ಮವ್ವನ ಮಗ, ಇದ್ದೊಬ್ಬ ಮಗ. ದೊರೆಯ ಬಾಣ ಒಂದು ಗಳಿಗೆ ತಡವಾದರೆ ಹಂದಿಯ ಕೋರೆಗೆ ಮೊದಲು ಸಿಗೋನು ಅವನೇ.

ನಾಯಕ ಬೊಮ್ಮವ್ವನ ಹೆಸರು ಕೇಳಿದ್ದ. ಎಂಟು ದಿನದಲ್ಲಿ ಬತ್ತಳಿಕೆ ಬೇಕು ಅಂದ. ಅವಳು ಆರೇ ದಿನಕ್ಕೆ ಮುಗಿಸಿದಳು. ತಗೊಂಡು ಹೋಗೋಕೆ ಅವನೇ ಬಂದಾಗ, ಅವಳು ಕೈಮುಗಿದು ಹಾಸುಬಂಡೆ ಕಡೆ ತೋರಿಸಿದಳು.

"ಬಿದ್ದು ತೋರಿಸಿ, ದೊರೆ" ಅಂದಳು.

ಜೊತೆಗಿದ್ದ ಆಳುಗಳು ನಕ್ಕರು. ದೊರೆ ನಗಲಿಲ್ಲ, ಅವನ ಮುಖ ಕೆಂಪಗಾಯ್ತು. ನಾಯಕನಾದೋನು ಹೆಂಗಸಿನ ಮುಂದೆ ಉರುಳೋದಿಲ್ಲ, ಕೊಟ್ಟರೆ ಸರಿ, ಕೊಡದಿದ್ದರೆ ನಾಳೆಗೆ ಹಟ್ಟಿ ಬಿಟ್ಟು ನಡಿ ಅಂದನಂತೆ. ಬೋರಯ್ಯ ಬಂದು ತಾಯಿ ಕಾಲು ಹಿಡಿದ. ಅವ್ವಾ, ದೊರೆ ಜೊತೆ ಹಟ ಬೇಡ, ಕೊಟ್ಟುಬಿಡು ಅಂದ.

"ನಿಮ್ಮಪ್ಪನಿಗೂ ಕೇಳಿದ ಕೂಡಲೇ ಕೊಟ್ಟಿದ್ದೆ ಮಗಾ" ಅಂದಳು ಬೊಮ್ಮವ್ವ. ಬೋರಯ್ಯ ಕಾಲು ಬಿಟ್ಟ.

ಆಮೇಲೆ ಅವಳು ಮಾಡಿದ್ದನ್ನು ಕೇಳಿ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ದೊರೆಯ ಬಾಣಗಳನ್ನೇ ತಗೊಂಡಳು, ಸುಣ್ಣದ್ದಲ್ಲ, ಮಸೆದ ಕಬ್ಬಿಣದ್ದು, ಐದಕ್ಕೆ ಐದೂ. ಬತ್ತಳಿಕೆಗೆ ತುಂಬಿ ತನ್ನ ಬೆನ್ನಿಗೇ ಬಿಗಿದುಕೊಂಡಳು. ಮೊಮ್ಮಕ್ಕಳನ್ನು ಕಂಡ ಮುದುಕಿ, ಬಂಡೆ ಹತ್ತಿ ನಿಂತಳು, ತಾನೇ ಉರುಳಿದಳು. ಹಟ್ಟಿಗೆ ಹಟ್ಟಿಯೇ ಉಸಿರು ಬಿಗಿಹಿಡಿದು ನೋಡಿತು. ಕೆಳಗೆ ಎದ್ದು ಕೂತಾಗ ಮೊಣಕೈ ತರಚಿತ್ತು, ಮುಡಿ ಬಿಚ್ಚಿಹೋಗಿತ್ತು. ಕೈಯಲ್ಲಿ ಒಂದು ಬಾಣ ಇತ್ತು. ಉಳಿದ ನಾಲ್ಕು ತಮ್ಮ ತಮ್ಮ ಮನೆಯಲ್ಲೇ ಇದ್ದವು. ಅವಳ ಮೈ ಮೇಲೆ ಅಲಗಿನ ಒಂದು ಗೀರೂ ಇರಲಿಲ್ಲವಂತೆ.

ಸರಿ ಇದೆಯಲ್ಲ, ಇನ್ನೇನು, ಕೊಡು ಅಂದ ನಾಯಕ.

"ಇದು ನನ್ನ ಬೆನ್ನಿಗೆ ಸರಿ ಇದೆ ದೊರೆ. ನಿಮ್ಮ ಬೆನ್ನು ನಂಗೇನು ಗೊತ್ತು?"

 ನಾಯಕ ಅವಳ ಮೊಣಕೈಯಿಂದ ರಕ್ತ ತೊಟ್ಟಿಕ್ಕೋದನ್ನು ನೋಡಿದ. ರುಮಾಲು ತೆಗೆದು ಆಳಿನ ಕೈಗೆ ಕೊಟ್ಟ, ಬಂಡೆ ಹತ್ತಿದ. ಬೊಮ್ಮವ್ವ ಸುಣ್ಣದ ಅಲಗು ತುಂಬಿ ಬಿಗಿದಳು. ಪಾಳೇಗಾರ ಅಂತ ಮೆಲ್ಲಗೇನೂ ತಳ್ಳಲಿಲ್ಲ. ಎಲ್ಲರಿಗೂ ಹೆಂಗೋ ಅವನಿಗೂ ಹಂಗೇ.

ನಾಯಕ ಉರುಳಿದ. ಬತ್ತಳಿಕೆಯ ಬಾಯಿ ಇದ್ದದ್ದು ಬಲಭುಜದ ಮೇಲೆ, ಬಲಗೈಯವರಿಗೆ ಹೊಲಿಯೋ ಹಾಗೆ. ಬೀಳುತ್ತಾ ಅವನ ಎಡಗೈ ಮುಂದಾಯ್ತು. ಎಡಗೈಯೇ ಬಾಣಕ್ಕೆ ಹೋಯ್ತು, ಎಟುಕದೆ ಬತ್ತಳಿಕೆಯನ್ನೇ ಎಳೆದು ತಿರುಚಿತು, ಒಂದು ಅಲಗು ಜಾರಿ ಹೊರಗೆ ಬಂತು. ಎದ್ದಾಗ ಎಡಗಿವಿಯ ಕೆಳಗೆ, ಜೀವನಾಡಿಯ ಮೇಲೆ, ಉದ್ದಕ್ಕೆ ಸುಣ್ಣದ ಗೀಟು.

ಈಗ ತಿಳೀತಾ? ದೊರೆ ಎಡಚ. ಎಡಗೈ ಅಂದರೆ ಅಪಶಕುನ ಅನ್ನೋ ಕಾಲ. ಚಿಕ್ಕಂದಿನಿಂದ ಹೊಡೆದು ಬಡಿದು ಬಲಗೈ ಕಲಿಸಿದ್ದರು. ಜನರ ಮುಂದೆ ಕತ್ತಿ, ಬಾಣ, ಊಟ ಎಲ್ಲಾ ಬಲಗೈಯಲ್ಲೇ. ಕಾಡಿನಲ್ಲಿ ಒಬ್ಬನೇ ಇದ್ದಾಗ ಮಾತ್ರ ಎಡಗೈ. ಅವನು ಬೀಳೋಕೆ ಒಪ್ಪದೇ ಇದ್ದದ್ದು ಇದಕ್ಕೆ. ಬಾಯಿ ಸುಳ್ಳು ಹೇಳ್ತದೆ, ಬೀಳುವಾಗ ಕೈ ಸುಳ್ಳು ಹೇಳಲ್ಲ.

ಬೊಮ್ಮವ್ವ ಪ್ರದಕ್ಷಿಣೆ ಹಾಕಲಿಲ್ಲ. ನೇರ ಹೋಗಿ, ದೊರೆ ಬೆವರಿದ್ದಾರೆ ಅನ್ನುತ್ತಾ ಸೆರಗಿನಿಂದ ಆ ಗೀಟು ಒರೆಸಿದಳು. ಬೇರೆ ಯಾರೂ ನೋಡಲಿಲ್ಲ. ಬಾರು ಸ್ವಲ್ಪ ಸಡಿಲ ಆಗಿದೆ, ಬಿಗಿ ಮಾಡಿ ಕಳಿಸ್ತೀನಿ ಅಂದಳು. ಮಾರನೇ ದಿನ ಕಳಿಸಿದಾಗ ಬಾಯಿ ಎಡಭುಜಕ್ಕೆ ಬಂದಿತ್ತು. ನಾಯಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಬೆನ್ನಿಗೆ ಬಿಗಿದುಕೊಂಡನಂತೆ.

ಬೇಟೆಯ ದಿನ ಬೋರಯ್ಯ ಹಂದಿ ಎಬ್ಬಿಸಿದ. ಅದು ದೊರೆ ಕಡೆ ಹೋಗೋದು ಬಿಟ್ಟು ಬೋರಯ್ಯನ ಮೇಲೇ ತಿರುಗಿತು. ನಾಯಕ ಗುರಿ ಹಿಡಿಯೋಕೆ ಒಂದು ಹೆಜ್ಜೆ ಹಿಂದಿಟ್ಟ, ಕಾಲಡಿಯ ಕಲ್ಲು ಉರುಳಿತು, ಬಂಡೆಯ ಕೆಳಗೆ ಮಗುಚಿಬಿದ್ದ. ಮುತ್ತಯ್ಯ ಬಿದ್ದ ಹಾಗೇ ಬಿದ್ದ. ಆದರೆ ಎದ್ದ. ಎದ್ದಾಗ ಬಿಲ್ಲು ಬಲಗೈಯಲ್ಲಿತ್ತು, ಬಾಣ ಎಡಗೈಯಲ್ಲಿತ್ತು. ಜನ ನೋಡ್ತಾರೆ ಅಂತ ನೆನಪಾಗೋಕೂ ಅವನಿಗೆ ಪುರುಸೊತ್ತಿರಲಿಲ್ಲ. ಬೋರಯ್ಯನಿಂದ ಒಂದು ಮಾರು ದೂರದಲ್ಲಿ ಹಂದಿ ಮೂಗು ಮಣ್ಣಿಗೆ ಊರಿ ಮಲಗಿತು.

ಎಲ್ಲರೂ ನೋಡಿದ್ದರು. ನಾಯಕ ಹಂದಿಯ ಕೋರೆ ಕೀಳಿಸಿಕೊಂಡು ಹಟ್ಟಿಗೆ ಬಂದ, ಬೊಮ್ಮವ್ವನ ಬಾಗಿಲಿಗೆ ಬಂದ, ಎಲ್ಲರ ಎದುರು ಎಡಗೈಯಲ್ಲೇ ಚಾಚಿದ. ಎಡಗೈಲಿ ಕೊಟ್ಟದ್ದನ್ನು ನಾಯಿಯೂ ಮುಟ್ಟಲ್ಲ ಅನ್ನೋ ಕಾಲ ಅದು. ಬೊಮ್ಮವ್ವ ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಮಗನ ಕತ್ತು, ಭುಜ, ಬೆನ್ನು ಎಲ್ಲಾ ತಡವಿ ನೋಡಿ, ಗಂಡ ಸತ್ತಾಗ ಅಳದೇ ಇದ್ದವಳು ಅವತ್ತು ಕೂತು ಅತ್ತಳಂತೆ.

ಈಗ ಬೇಟೆ ಇಲ್ಲ, ಬತ್ತಳಿಕೆ ಇಲ್ಲ. ಕೋರೆ ಎಲ್ಲಿ ಹೋಯ್ತೋ ಗೊತ್ತಿಲ್ಲ. ಹಾಸುಬಂಡೆ ಇದೆ, ಮಕ್ಕಳು ಜಾರಿ ಜಾರಿ ನುಣ್ಣಗೆ ಮಾಡಿದ್ದಾರೆ. ಕಾರೇಹಟ್ಟಿಯಲ್ಲಿ ಎಡಗೈಲಿ ಉಣ್ಣೋ ಮಗುವಿಗೆ ಯಾರೂ ಹೊಡೆಯಲ್ಲ. ಇನ್ನೊಂದಿದೆ. ಯಾರಾದರೂ ದೂರ ಹೊರಟರೆ ಬೇರೆ ಊರಲ್ಲಿ ಹೋಗಿ ಬಾ ಅಂತಾರೆ, ಇಲ್ಲಿ ಬೆನ್ನಿಗೆ ಕೈಯಿಟ್ಟು ಒಂದು ತಳ್ಳು ತಳ್ಳಿ, ಬಿದ್ದು ಬಾ ಅಂತಾರೆ. ಹೊಸದಾಗಿ ಬಂದ ಸೊಸೆಯೊಬ್ಬಳು ತವರಿಗೆ ಹೊರಟಾಗ ಅತ್ತೆ ಹಾಗಂದದ್ದು ಶಾಪ ಅಂದುಕೊಂಡು ದಾರಿಯುದ್ದಕ್ಕೂ ಅತ್ತಿದ್ದಳು. ಈಗ ಅವಳೂ ಅತ್ತೆ. ತನ್ನ ಸೊಸೆಯನ್ನು ಅವಳೂ ತಳ್ತಾಳೆ, ತಳ್ಳಿದ ಕೈಯನ್ನು ಬೆನ್ನಿನ ಮೇಲಿಂದ ಬೇಗ ತೆಗೆಯಲ್ಲ.