ಬೋರಲಿಂಗ ಕಲಿತ ‘ಸಾರಿ’

ಎಲ್ಲಾ ಊರಿಗೂ ಒಬ್ಬ ಪೆದ್ದ ಇರ್ತಾನಲ್ಲ, ಹಂಗೆ ನಾನು ಹೇಳೋ ಊರಿಗೆ ಬೋರಲಿಂಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಅವನವ್ವ ಹೊನ್ನಾಜಮ್ಮ ಬಸ್ ಸ್ಟ್ಯಾಂಡಲ್ಲಿ ಮಂಕರಿ ಇಟ್ಕೊಂಡು ಕಡ್ಲೆಪುರಿ ಮಾರೋಳು. ಗಂಡ ಸತ್ತಿದ್ದ. ಇದ್ದೋನೊಬ್ಬ ಮಗ. ಆ ಮಗನೋ, ಹೇಳಿದ್ದನ್ನ ಹೇಳಿದಂಗೇ ಮಾಡೋನು. ‘ಬಾಗಿಲು ನೋಡ್ಕೋ’ ಅಂದ್ರೆ ಬಾಗಿಲನ್ನೇ ನೋಡ್ತಾ ಕೂತಿರೋನು. ಹಿತ್ತಲಿಂದ ನಾಯಿ ನುಗ್ಗಿ ಮುದ್ದೆ ತಿಂದು ಹೋದ್ರೂ ಕಣ್ಣು ಆಕಡೆ ತಿರುಗಿಸ್ತಿರ್ಲಿಲ್ಲ.

“ನಿನ್ನ ಹೆತ್ತು ಊರಲ್ಲಿ ತಲೆ ಎತ್ತಂಗಿಲ್ಲ ಕಣ್ಲಾ!” ಅನ್ನೋಳು ಹೊನ್ನಾಜಮ್ಮ. ಬೋರಲಿಂಗ ಅವ್ವನ ಗಲ್ಲ ಹಿಡಿದು ತಲೆ ಎತ್ತಿ, “ಎತ್ತಬೋದಲ್ಲವ್ವ!” ಅನ್ನೋನು.

ಒಂದಿನ ಬಸ್ಸಿಂದ ಇಳಿದ ಒಬ್ಬ ಹೆಣ್ಮಗಳು ನೂಕಾಟದಲ್ಲಿ ಹೊನ್ನಾಜಮ್ಮನ ಕಾಲು ತುಳಿದ್ಬುಟ್ಲು. ಹೊನ್ನಾಜಮ್ಮ ಬೈಯಕ್ಕೆ ಬಾಯಿ ತೆಗೆದ್ಲು. ಅಷ್ಟರಲ್ಲಿ ಆಕೆ “ಸಾರಿ ಅಮ್ಮಾ” ಅಂದ್ಲು. ಆಯ್ತಲ್ಲ, ಬಾಯಿಗೆ ಬಂದ ಬೈಗುಳ ಹಂಗೇ ಹೊಟ್ಟೆಗೆ ವಾಪಸ್ಸು! “ಹೋಗ್ಲಿ ಬುಡವ್ವ” ಅಂದ್ಬುಟ್ಲು ಹೊನ್ನಾಜಮ್ಮ.

ಪಕ್ಕದಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದ ಸ್ಕೂಲ್ ಟೀಚರಮ್ಮನ್ನ ಕೇಳಿದ್ಲು, “ಅದೇನವ್ವ ಆ ಮಾತು? ಮಂತ್ರ ಹಾಕ್ದಂಗೆ ಸಿಟ್ಟು ಇಳ್ದೋಯ್ತಲ್ಲ!”

“ಇಂಗ್ಲಿಷು ಕಣಮ್ಮ. ಕಾಲು ಗೀಲು ತುಳಿದಾಗ ಅಂತಾರೆ” ಅಂದ್ಲು ಟೀಚರಮ್ಮ.

ಇಂಥ ಮಾತು ನನ್ನ ಮಗಂಗೇ ಬೇಕಾದ್ದು ಅನ್ಕೊಂಡು ಮನೆಗೆ ಬಂದ್ಲು. “ಬೋರಾ, ಕಾಲು ತುಳಿದ್ರೆ ಸಾರಿ ಅನ್ಬೇಕು. ಗೊತ್ತಾಯ್ತಾ?”

“ಗೊತ್ತಾಯ್ತವ್ವ. ಕಾಲು ತುಳಿದ್ರೆ ಸಾರಿ.”

ಮಾರನೇ ದಿನ ಕುಂಬಾರ ಮಲ್ಲಯ್ಯನ ಮನೆಗೆ ಮಡಕೆ ತರಕ್ಕೆ ಕಳಿಸಿದ್ಲು. ಕಾಲು ತುಳಿದ್ರೆ ಸಾರಿ, ಕಾಲು ತುಳಿದ್ರೆ ಸಾರಿ ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಹೋದ. ಒಂದು ಮಡಕೆ ಎತ್ತಿದ. ಜಾರಿ ಬಿತ್ತು. ಬಿದ್ದದ್ದು ಇನ್ನೊಂದರ ಮೇಲೆ ಬಿತ್ತು. ಎರಡೂ ಬೋಕಿ!

“ಏನ್ಲಾ ಮಾಡ್ದೆ!” ಅಂತ ಮಲ್ಲಯ್ಯ ಎದ್ದ.

ಬೋರಲಿಂಗಂಗೆ ಸಂಕಟ. ಸಾರಿ ಅನ್ಬೇಕು, ಆದ್ರೆ ಕಾಲೇ ತುಳಿದಿಲ್ವಲ್ಲ! ಕೆಳಗೆ ನೋಡಿದ. ಮಲ್ಲಯ್ಯನ ಬರಿಗಾಲು ಎದುರಿಗೇ ಇತ್ತು. ಕಾಲೆತ್ತಿ ಧಪ್ ಅಂತ ತುಳಿದ. “ಸಾರಿ!” ಅಂದ.

ಮಲ್ಲಯ್ಯ ಕುಂಟ್ಕೊಂಡು ಹೊನ್ನಾಜಮ್ಮನ ಬಾಗಿಲಿಗೆ ಬಂದ. ಬೀದಿ ಜನ ಎಲ್ಲಾ ಹೊರಗೆ ಬಂದು ನೋಡಿದ್ರು. ಹೊನ್ನಾಜಮ್ಮ ಸೆರಗಲ್ಲಿ ಮುಖ ಮುಚ್ಕೊಂಡು ಅವನ ಪಾದಕ್ಕೆ ಅರಿಶಿನ ಹಚ್ಚಿದ್ಲು.

“ಅಯ್ಯೋ ಪೆದ್ದ! ಕಾಲಿಗೂ ಅದಕ್ಕೂ ಗಂಟು ಹಾಕ್ಬೇಡ. ಏನೇ ತಪ್ಪು ಮಾಡಿದ್ರೂ ಸಾರಿ ಅನ್ಬೇಕು. ಅದೂ ಅವರು ಬೈಯಕ್ಕೆ ಮುಂಚೆ ಅನ್ಬೇಕು!”

“ಗೊತ್ತಾಯ್ತವ್ವ. ಬೈಯಕ್ಕೆ ಮುಂಚೆ ಸಾರಿ.”

ಪಕ್ಕದ ಮನೆ ಕೆಂಪಾಜಮ್ಮ ಮಗಳ ಮದುವೆಗೆ ಅಂತ ಅಂಗಳದ ತುಂಬ ಪಂಚೆ ಹಾಸಿ ಸಂಡಿಗೆ ಹಾಕಿದ್ಲು. ಬೋರಲಿಂಗ ತಲೆ ಮೇಲೆ ಸೌದೆ ಹೊರೆ ಹೊತ್ಕೊಂಡು ಬಂದ. ಬಳಸ್ಕೊಂಡು ಹೋಗೋದು ದೂರ, ನೆಟ್ಟಗೆ ಹೋದ್ರೆ ಹತ್ರ. ಪಂಚೆ ಅಂಚಲ್ಲಿ ನಿಂತ.

“ಸಾರಿ ಅತ್ತೆ” ಅಂದ.

“ಯಾಕ್ಲಾ? ಏನ್ ಮಾಡ್ದೆ?”

“ಇನ್ನೂ ಮಾಡಿಲ್ಲ ಅತ್ತೆ. ಈಗ ಮಾಡ್ತೀನಿ.”

ಅಂದೋನೇ ಚರಪರ ಚರಪರ ಅಂತ ಸಂಡಿಗೆ ಮೇಲೇ ನಡೆದ!

“ಅಯ್ಯಯ್ಯೋ, ನಿನ್ನ ಮನೆ ಹಾಳಾಗ!” ಅಂತ ಕೆಂಪಾಜಮ್ಮ ಮೊರ ಎತ್ತಿದ್ಲು.

“ಬೈಬೇಡ ಅತ್ತೆ! ಮುಂಚೇನೇ ಹೇಳಿದ್ನಲ್ಲ!”

ಹೊನ್ನಾಜಮ್ಮ ಆವತ್ತು ಪುರಿ ಮಾರಕ್ಕೆ ಹೋಗ್ಲಿಲ್ಲ. ಕೆಂಪಾಜಮ್ಮನ ಅಂಗಳದಲ್ಲಿ ಕೂತು ಹಿಟ್ಟು ಕಾಯಿಸಿ, ಹೊಸ ಸಂಡಿಗೆ ಹಾಕಿಕೊಟ್ಲು. ಹೋಗೋರು ಬರೋರು “ಮಗ ಸಂಡಿಗೆ ತುಳಿಯೋನು, ಅವ್ವ ಸಂಡಿಗೆ ಒತ್ತೋಳು” ಅಂತ ನಕ್ಕರು. ಅವಳು ಕತ್ತೆತ್ತಲಿಲ್ಲ.

ಟೀಚರಮ್ಮನ್ನ ಮತ್ತೆ ಕೇಳಿದ್ಲು. ಟೀಚರಮ್ಮ ಅಂದ್ಲು, “ಅದು ಬರೀ ತಪ್ಪಿಗೆ ಅಲ್ಲ ಹೊನ್ನಾಜಮ್ಮ. ನಿಮ್ಮ ನೋವು ಕಂಡು ನಂಗೂ ನೋವಾಯ್ತು ಅಂತ ಹೇಳಕ್ಕೂ ಅದೇ ಮಾತು. ಸಾವಿನ ಮನೇಲೂ ಅಂತಾರೆ.”

ಇದಾದ್ರೆ ವಾಸಿ, ಇದರಲ್ಲಿ ಯಾರಿಗೂ ನಷ್ಟ ಇಲ್ಲ ಅನ್ಕೊಂಡ್ಲು. “ಬೋರಾ, ಹಳೇದೆಲ್ಲ ಮರ್ತುಬುಡು. ಯಾರಾದ್ರೂ ಕಣ್ಣೀರು ಹಾಕ್ತಿದ್ರೆ ಹತ್ರ ಹೋಗು. ಮುಖ ಸಪ್ಪಗೆ ಮಾಡ್ಕೋ. ಮೆತ್ತಗೆ ಸಾರಿ ಅನ್ನು. ಧೈರ್ಯ ಹೇಳು.”

“ಗೊತ್ತಾಯ್ತವ್ವ. ಅಳೋರಿಗೆ ಸಾರಿ.”

ಕೆಂಪಾಜಮ್ಮನ ಮಗಳು ಸಣ್ಣತಾಯಿ ಮದುವೆ ಆಯ್ತು. ಕೊರಳಿಗೆ ತಾಳಿ ಬಿತ್ತು, ಊಟ ಆಯ್ತು, ಹುಡುಗಿ ಒಪ್ಪಿಸೋ ಹೊತ್ತು ಬಂತು. ಸಣ್ಣತಾಯಿ ಅತ್ಲು, ಕೆಂಪಾಜಮ್ಮ ಅತ್ಲು, ಚಿಕ್ಕಮ್ಮಂದಿರು ದೊಡ್ಡಮ್ಮಂದಿರು ಎಲ್ಲಾ ಅತ್ತರು. ಬೋರಲಿಂಗ ಒಬ್ಬೊಬ್ಬರ ಹತ್ರಾನೂ ಹೋಗಿ “ಸಾರಿ, ಸಾರಿ” ಅಂದ. ಯಾರಿಗೂ ಕೇಳಿಸ್ಲಿಲ್ಲ. ಕೊನೇಗೆ ಗಂಡಿನ ಅಪ್ಪ ಮರಿಸಿದ್ದಯ್ಯನ ಹತ್ರ ಹೋದ. ಪಾಪ, ಅವನ ಕಣ್ಣಲ್ಲೂ ಒಂದು ಹನಿ ಇತ್ತು. ಬೋರಲಿಂಗ ಮುಖ ಸಪ್ಪಗೆ ಮಾಡ್ಕೊಂಡ. ಎರಡೂ ಕೈ ಹಿಡ್ಕೊಂಡ.

“ಸಾರಿ ಸ್ವಾಮಿ. ಆಗಿದ್ದಾಯ್ತು. ಧೈರ್ಯ ತಕ್ಕಳಿ.”

ಮರಿಸಿದ್ದಯ್ಯ ಬೆಚ್ಚಿದ. “ಯಾಕಪ್ಪಾ? ಏನಾಯ್ತು?”

“ನಿಮಗೆ ಯಾರೂ ಹೇಳಿಲ್ವಾ?”

“ಏನು ಹೇಳಿಲ್ಲ?”

“ನೋಡಿ ಸ್ವಾಮಿ, ಎಲ್ರೂ ಹೆಂಗೆ ಅಳ್ತಾವ್ರೆ!” ಅಂತ ಹುಡುಗಿ ಕಡೆ ನೋಡಿ ತಲೆ ಅಲ್ಲಾಡಿಸಿದ.

ಅಷ್ಟು ಸಾಕಾಯ್ತು. “ಹುಡುಗೀಲಿ ಏನೋ ಐಬೈತೆ! ಮುಚ್ಚಿಟ್ಟು ತಾಳಿ ಕಟ್ಟಿಸ್ಕೊಂಡವ್ರೆ! ವಿಚಾರಿಸ್ದೆ ನಾನು ಕರ್ಕೊಂಡೋಗಲ್ಲ!” ಅಂತ ಮರಿಸಿದ್ದಯ್ಯ ಎದ್ದ. ಯಾರು ಏನು ಹೇಳಿದ್ರೂ ಕೇಳ್ಲಿಲ್ಲ. ಮದುಮಗನ ತೋಳು ಹಿಡಿದು ವ್ಯಾನಿಗೆ ಹತ್ತಿಸ್ಕೊಂಡು ಹೊರಟೇಬಿಟ್ಟ. ಸಣ್ಣತಾಯಿ ಮಡಿಲಕ್ಕಿ ಕಟ್ಕೊಂಡಿದ್ದೋಳು ಹಂಗೇ ನಿಂತಿದ್ಲು. ಆಮೇಲೆ ಒಳಗೋಗಿ ಬಾಗಿಲು ಹಾಕ್ಕೊಂಡ್ಲು.

ಕೆಂಪಾಜಮ್ಮ ಬೈಯಲಿಲ್ಲ. ಬೈದಿದ್ರೆ ಎಷ್ಟೋ ಹಗುರಾಗೋದು ಹೊನ್ನಾಜಮ್ಮಂಗೆ. ಮನೆಗೆ ಬಂದೋಳು ಒಲೆ ಹಚ್ಚಲಿಲ್ಲ. ಗೋಡೆಗೆ ಮುಖ ಮಾಡಿ ಕೂತು ಅತ್ಲು.

ಬೋರಲಿಂಗ ಹತ್ರ ಬಂದ. “ಅವ್ವಾ, ಅಳ್ತಿದ್ದೀಯಾ? ಸಾರಿ.”

“ಬಾಯ್ಮುಚ್ಚು! ಇನ್ನೊಂದು ಸಾರಿ ಆ ಮಾತಾಡಿದ್ರೆ ನೋಡು!”

“ಇನ್ನೊಂದು ಸಾರಿನಾ? ಸಾರಿ.”

“ಅಯ್ಯೋ, ಎಷ್ಟು ಸಾರಿ ಹೇಳ್ಲೋ ನಿಂಗೆ?”

“ನೀನ್ಯಾಕೆ ಸಾರಿ ಹೇಳ್ಬೇಕವ್ವ?” ಅಂದ ಬೋರಲಿಂಗ. “ತಪ್ಪು ನಂದು.”

ಹೊನ್ನಾಜಮ್ಮ ತಿರುಗಿ ನೋಡಿದ್ಲು. ಮಗ ತಲೆ ತಗ್ಗಿಸಿ ನಿಂತಿದ್ದ. ಅವನ ಕಿವಿ ಕೆಂಪಾಗಿತ್ತು. ಇವನಿಗೂ ನಾಚ್ಕೆ ಆಗ್ತದೆ ಅನ್ನೋದು ಹೆತ್ತವಳಿಗೇ ಗೊತ್ತಿರ್ಲಿಲ್ಲ. ಹತ್ರ ಎಳ್ಕೊಂಡು ಕೂರಿಸಿದ್ಲು.

“ನೋಡು ಮಗ, ಆ ಇಂಗ್ಲಿಷು ನಮಗೆ ಬೇಡ. ನಾಳೆ ಮರಿಸಿದ್ದಯ್ಯನ ಊರಿಗೆ ಹೋಗಾಣ. ನಮ್ಮ ಮಾತಲ್ಲೇ ತಪ್ಪಾಯ್ತು ಅನ್ನಾಣ. ನಾನು ಕೈ ಮುಗಿದಂಗೆ ನೀನೂ ಮುಗಿ. ನಾನೇನಂತೀನೋ ಅದನ್ನೇ ಅನ್ನು. ಒಂದಕ್ಷರ ಹೆಚ್ಚೂ ಬೇಡ, ಒಂದಕ್ಷರ ಕಮ್ಮೀನೂ ಬೇಡ.”

“ಗೊತ್ತಾಯ್ತವ್ವ. ನೀನಂದಂಗೇ.”

ಬೆಳಗ್ಗೆದ್ದು ಹೋದ್ರು. ಮರಿಸಿದ್ದಯ್ಯ ಜಗಲಿ ಮೇಲೆ ನಾಲ್ಕು ಜನರ ಜೊತೆ ಕೂತಿದ್ದ. ಇವರನ್ನ ಕಂಡು ಮುಖ ಆಕಡೆ ಮಾಡಿದ. ಹೊನ್ನಾಜಮ್ಮ ಮೆಟ್ಟಿಲ ಕೆಳಗೇ ನಿಂತ್ಲು. ಕೈ ಮುಗಿದ್ಲು. ಬೋರಲಿಂಗಾನೂ ಮುಗಿದ.

“ಸ್ವಾಮಿ, ಆ ಹುಡುಗಿ ಚಿನ್ನ. ಅವಳಲ್ಲಿ ಯಾವ ಐಬೂ ಇಲ್ಲ” ಅಂದ್ಲು.

“ಸ್ವಾಮಿ, ಆ ಹುಡುಗಿ ಚಿನ್ನ. ಅವಳಲ್ಲಿ ಯಾವ ಐಬೂ ಇಲ್ಲ” ಅಂದ.

“ನನ್ನ ಮಗ ಪೆದ್ದ.”

“ನನ್ನ ಮಗ ಪೆದ್ದ.”

ಹೊನ್ನಾಜಮ್ಮ ಮಗನ ಕಡೆ ಕಣ್ಣು ಬಿಟ್ಲು. ಆದ್ರೂ ನಿಲ್ಲಿಸಂಗಿಲ್ಲ. “ಇಂಥೋನ್ನ ಹೆತ್ತು ನಾಚ್ಕೆಯಿಂದ ಸಾಯ್ತಿದ್ದೀನಿ. ತಪ್ಪಾಯ್ತು.”

“ಇಂಥೋನ್ನ ಹೆತ್ತು ನಾಚ್ಕೆಯಿಂದ ಸಾಯ್ತಿದ್ದೀನಿ! ತಪ್ಪಾಯ್ತು!” ಅಂದ ಬೋರಲಿಂಗ. ಕಣ್ಣಲ್ಲಿ ನಿಜವಾದ ನೀರು.

ಮರಿಸಿದ್ದಯ್ಯ ಮೆಲ್ಲಗೆ ಕೇಳಿದ, “ಏನಪ್ಪಾ, ನಿನಗೆ ಮದುವೆ ಆಗೈತಾ?”

ಬೋರಲಿಂಗ ಅವ್ವನ ಮುಖ ನೋಡಿದ. ಅವ್ವ ಏನೂ ಅನ್ಲಿಲ್ಲ. ಅವನೂ ಏನೂ ಅನ್ಲಿಲ್ಲ.

ಮದುಮಗ ಬಾಗಿಲ ಸಂದೀಲಿ ಕಿಸಕ್ಕಂದ. ಅಷ್ಟೇ, ಜಗಲಿ ಮೇಲಿದ್ದೋರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು. ಮರಿಸಿದ್ದಯ್ಯಾನೂ ನಕ್ಕ. ನಗ್ತಾ ನಗ್ತಾ ಅವನ ಮುಖ ಇಳಿದೋಯ್ತು.

“ಥೂ, ಇವನ ಮಾತು ಕಟ್ಕೊಂಡು ಮನೆ ತುಂಬಬೇಕಾದ ಸೊಸೇನ ಅಂಗಳದಲ್ಲೇ ಬಿಟ್ಟು ಬಂದ್ನಲ್ಲ! ಹೊನ್ನಾಜಮ್ಮ, ನೀನ್ಯಾಕೆ ಕೈ ಮುಗೀತಿ? ನಾಚ್ಕೆ ಆಗ್ಬೇಕಾದ್ದು ನನಗೆ” ಅಂದ. ಆವಾಗ್ಲೇ ವ್ಯಾನಿಗೆ ಹೇಳಿ ಕಳಿಸಿದ. ಅವ್ವ ಮಗನ್ನ ಸಂಜೆ ಊಟಕ್ಕೆ ಅಲ್ಲೇ ಉಳಿಯಕ್ಕೆ ಹೇಳ್ದ.

ವ್ಯಾನ್ ಹತ್ತೋವಾಗ ತಮಾಷೆಗೆ ಬೋರಲಿಂಗನ ಬೆನ್ನು ತಟ್ಟಿದ. “ಹೋಗಪ್ಪಾ, ನಿನ್ನ ಮಗನ್ನೂ ಹುಡುಕ್ಕೊಂಡು ಬಾ. ಎಲ್ರೂ ಒಟ್ಟಿಗೆ ಊಟ ಮಾಡಾಣ.”

ವ್ಯಾನು ಹೋಯ್ತು. ಮರಿಸಿದ್ದಯ್ಯ ಸಣ್ಣತಾಯಿ ಬಾಗಿಲಲ್ಲಿ ನಿಂತು, ಊರೋರ ಎದುರಿಗೆ, “ತಪ್ಪಾಯ್ತು ಕಣವ್ವ, ಬಾ” ಅಂದ. ಅವಳು ಬಾಗಿಲು ತೆಗೆದು, ಮಡಿಲಕ್ಕಿ ಮತ್ತೆ ಕಟ್ಕೊಂಡು ಹೊರಟ್ಲು. ಸಂಜೆ ಹೊತ್ತಿಗೆ ಸೊಸೆ ಮರಿಸಿದ್ದಯ್ಯನ ಮನೆ ಹೊಸಿಲು ದಾಟಿದ್ಲು, ಎಲೆ ಹಾಕಿದ್ರು, ಪಾಯಸ ಬಡಿಸಿದ್ರು. ಬೋರಲಿಂಗ ಮಾತ್ರ ಇಲ್ಲ!

ಹೊನ್ನಾಜಮ್ಮ ಗಾಬರಿಯಾಗಿ ಎಲೆ ಮುಂದಿಂದ ಎದ್ಲು. ಅಷ್ಟರಲ್ಲಿ ಮೈಯೆಲ್ಲ ಧೂಳು ಮಾಡ್ಕೊಂಡು, ಕಾಲೆಳ್ಕೊಂಡು ಬಂದ.

“ಎಲ್ಲೋಗಿದ್ಯಲಾ?”

“ನನ್ನ ಮಗನ್ನ ಹುಡುಕಕ್ಕವ್ವ. ಕೆರೆ ಏರಿ ನೋಡ್ದೆ, ಗುಡಿ ನೋಡ್ದೆ, ಹುಲ್ಲಿನ ಮೆದೆ ಎಲ್ಲಾ ಕೆದಕಿ ನೋಡ್ದೆ. ಸಿಗ್ಲಿಲ್ಲ.”

ಪಂಕ್ತಿ ಎಲ್ಲಾ ಘೊಳ್ ಅಂತು. ಹೊನ್ನಾಜಮ್ಮ ಸೆರಗು ಬಾಯಿಗೆ ಒತ್ಕೊಂಡ್ಲು. ಬೋರಲಿಂಗ ಅವ್ವನ ಕಿವಿ ಹತ್ರ ಬಗ್ಗಿ ಪಿಸುಗುಟ್ಟಿದ.

“ಸಿಕ್ಕಿದ್ರೂ ಬೈಬೇಡವ್ವ ಅವನ್ನ. ಪಾಪ, ನಾಚ್ಕೆಯಾಗಿ ಎಲ್ಲೋ ಬಚ್ಚಿಟ್ಕೊಂಡವ್ನೆ.”